ಗೇಟಿನ ಮುಂದೆ ಕೂತ ಮೇಡಂ

ಶ್ರದ್ಧಾಂಜಲಿ ಸಭೆಯಲ್ಲಿ ಪ್ರಾಂಶುಪಾಲರು ಅವರನ್ನು "ಶಾಂತ ಸ್ವಭಾವದವರು, ಎಲ್ಲರೊಂದಿಗೂ ಹೊಂದಿಕೊಂಡು ಹೋಗುವವರು" ಎಂದರು. ನಾನು ಎದ್ದು ಹೊರಗೆ ಬಂದೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು, ಒಪ್ಪುತ್ತೇನೆ. ಆದರೆ ಹೊಂದಿಕೊಂಡು ಹೋಗುವುದು ಒಳ್ಳೆಯ ಗುಣ ಅಂತ ಇವರಿಗೆ ಹೇಳಿದವರು ಯಾರು? ಅವರು ಬದುಕಿದ್ದಷ್ಟು ದಿನ ಬಸ್ ಕಂಡಕ್ಟರುಗಳ ಜೊತೆ ಹೊಂದಿಕೊಳ್ಳಲಿಲ್ಲ, ಇದೇ ಪ್ರಾಂಶುಪಾಲರ ಜೊತೆ ಹೊಂದಿಕೊಳ್ಳಲಿಲ್ಲ, ಗುಡ್ಡದ ದೇವಸ್ಥಾನದ ಸಮಿತಿಯ ಜೊತೆಯಂತೂ ಇಲ್ಲವೇ ಇಲ್ಲ. ಆ ಜಗಳಗಳನ್ನೆಲ್ಲ ಒರೆಸಿಹಾಕಿದರೆ ಅವರದ್ದು ಅಂತ ಉಳಿಯುವುದು ಒಂದು ಜೊತೆ ಕ್ಯಾನ್ವಾಸ್ ಶೂ ಮಾತ್ರ. ಸಿಟ್ಟು ಬಂದಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಹೊನ್ನಾಳಿಯಲ್ಲಿ ನಮ್ಮ ಕಾಲೇಜಿನ ದೈಹಿಕ ಶಿಕ್ಷಣ ವಿಭಾಗ ನೋಡಿಕೊಳ್ಳುತ್ತಿದ್ದರು. ಎದುರಿಗೆ ಎಲ್ಲರೂ 'ಪಿ.ಡಿ. ಮೇಡಂ' ಅನ್ನುತ್ತಿದ್ದರು, ಹಿಂದೆ 'ನಾಯಿ ಮೇಡಂ'. ಎರಡೂ ಅವರಿಗೆ ಗೊತ್ತಿತ್ತು. ನಾನು ಅದೇ ಕಾಲೇಜಿನ ಆಫೀಸ್ ಸೂಪರಿಂಟೆಂಡೆಂಟ್. ಸುತ್ತೋಲೆ ಬರೆಯುವವನು, ನೋಟಿಸ್ ಬೋರ್ಡಿಗೆ ಬೀಗ ಹಾಕುವವನು, 'ಆದೇಶದ ಮೇರೆಗೆ' ಎಂಬ ಎರಡು ಪದಗಳ ಹಿಂದೆ ನಿಂತು ಸಂಸಾರ ಸಾಗಿಸಿದವನು. ನಮ್ಮಿಬ್ಬರಿಗೆ ಸ್ನೇಹವಾಗಲು ಯಾವ ಕಾರಣವೂ ಇರಲಿಲ್ಲ. ನನಗೆ ಸಕ್ಕರೆ ಕಾಯಿಲೆ ಬಂತು, ಅಷ್ಟೆ.

ಡಾಕ್ಟರು ನಡೆಯಿರಿ ಅಂದಿದ್ದರು. ನಾನು ಬೆಳಿಗ್ಗೆ ಕಾಲೇಜಿನ ಮೈದಾನವನ್ನು ಸುತ್ತುತ್ತಿದ್ದೆ. ಮೇಡಂ ಮೂರು ದಿನ ನೋಡಿದರು, ನಾಲ್ಕನೇ ದಿನ ಸೀಟಿ ಊದಿ ನಿಲ್ಲಿಸಿದರು. ಅವರ ಕೊರಳಲ್ಲಿ ಸೀಟಿ ಯಾವಾಗಲೂ ಇರುತ್ತಿತ್ತು, ನಿವೃತ್ತರಾದ ಮೇಲೂ.

"ಸಾಹೇಬ್ರೇ, ಗಾಣದೆತ್ತು ಸುತ್ತಿದಂಗೆ ಸುತ್ತಾದು ನಡಿಗೆ ಅಲ್ರೀ. ಎಲ್ಲಿಗಾದ್ರೂ ಹೋಗ್ಬೇಕು, ಎಲ್ಲಿಂದಾದ್ರೂ ಬರ್ಬೇಕು. ಭಾನುವಾರ ಆರಕ್ಕೆ ರೆಡಿ ಇರ್ರಿ."

ಹಾಗೆ ಶುರುವಾಯಿತು. ಮುಂದೆ ಅವರ ಸ್ಕೂಟರ್, ಅದರ ಕಾಲಿಡುವ ಜಾಗದಲ್ಲಿ ನಿಂತ ನಾಯಿ, ಗಾಳಿಗೆ ಹಾರುವ ಅದರ ಕಿವಿಗಳು. ಹಿಂದೆ ನನ್ನ ಹಳೆಯ ಮೊಪೆಡ್. ಅವರ ನಡಿಗೆಗೆ ಒಂದು ಋತು ಇತ್ತು. ಮಳೆ ಹಿಂದೆ ಸರಿದು, ಅರ್ಧ ರಸ್ತೆಗೆ ಮೆಕ್ಕೆಜೋಳ ಹರವಿಕೊಂಡು, ಬಸ್ಸಿನವರು ಬೈದುಕೊಂಡೇ ಓಡಾಡುವ ಮಹಾನವಮಿಯ ದಿನಗಳಿಂದ ಹಿಡಿದು, ಗುಡ್ಡದ ಹುಲ್ಲು ಒಣಗಿ ಬೆಳ್ಳಗಾಗುವವರೆಗೆ. ಉಳಿದ ತಿಂಗಳು ಅವರು ಊರಲ್ಲೇ ನಡೆಯುತ್ತಿದ್ದರು, ಆದರೆ ಅದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. "ಬ್ಯಾಸಿಗ್ಯಾಗೆ ಗುಡ್ಡ ಸುಡ್ತೈತೆ, ಮಳೆಗಾಲದಾಗೆ ಜಾರ್ತೈತೆ. ಈಗೊಂದು ಎರಡು ತಿಂಗ್ಳು ಅದು ನಮ್ಮನ್ನ ಬರ್ರಿ ಅಂತೈತೆ. ಕರ್ದಾಗ ಹೋಗ್ಬೇಕು."

ಹೋದೆವು. ಚನ್ನಗಿರಿ ಕಡೆ ಹೋದರೆ ಸೂಳೆಕೆರೆಯ ಪಕ್ಕದ ಗುಡ್ಡಗಳು, ಉಬ್ರಾಣಿಯ ಕಡೆಯ ಕುರುಚಲು ಕಾಡು. ದೂರದ ಜಗಳೂರಿಗೆ ಹೋದರೆ ಬಂಡೆಗಳ ಸಂದಿಯಲ್ಲಿ ಕಣ್ಣು ಬಿಟ್ಟ ಸೀತಾಫಲ. ಜಗಳೂರು ಅವರ ಹುಟ್ಟೂರು. ಬಂಡೆ ಏರುವುದನ್ನು ಅಲ್ಲಿಯೇ ಕಲಿತದ್ದಂತೆ. ಮೇಲೆ ಹತ್ತಿ ಕೂತಮೇಲೆ ಬಟ್ಟೆಯ ಗಂಟು ಬಿಚ್ಚುತ್ತಿದ್ದರು: ಸಜ್ಜೆರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಈರುಳ್ಳಿ. ಮೊದಲ ರೊಟ್ಟಿ ನಾಯಿಗೆ, ಎರಡನೆಯದು ನನಗೆ. "ಅವಳು ನಿಮಗಿಂತ ಸೀನಿಯರ್ರು," ಅನ್ನುತ್ತಿದ್ದರು. ತಿಂದಾದ ಮೇಲೆ ನಾಯಿಯ ಕಿವಿಯೊಳಗಿಂದ ಉಣ್ಣಿ ಹೆಕ್ಕುವುದು, ನನ್ನ ಪ್ಯಾಂಟಿಗೆ ಅಂಟಿದ ಉತ್ತರಾಣಿ ಮುಳ್ಳಿಗೆ ನಗುವುದು. ಸಂಬಳ, ಬಡ್ತಿ, ವರ್ಗಾವಣೆಯ ಮಾತು ಗುಡ್ಡದ ಮೇಲೆ ಆಡಕೂಡದು. ಆಡಿದರೆ ಸೀಟಿ.

ನಾಯಿಯ ಹೆಸರು ಸಜ್ಜಿ. ಸಜ್ಜೆಯ ಬಣ್ಣದ ಬೀದಿನಾಯಿ. ಜಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ಮರಿಯಾಗಿದ್ದಾಗ ಇವರ ಕಾಲಿಗೆ ಬಿದ್ದಿತ್ತು. ಸೆರಗಿನಲ್ಲಿ ಸುತ್ತಿಕೊಂಡು ಬಸ್ ಹತ್ತಿದರು. ಊರು ದಾಟಿದ ಮೇಲೆ ಅದು ಕುಂಯ್ ಅಂದಿತು. ಕಂಡಕ್ಟರು ಸಿಟ್ಟಾಗಿ, "ನಾಯಿ ಇಳಿಸ್ರಿ, ಇಲ್ಲಾಂದ್ರೆ ನೀವು ಇಳೀರಿ" ಅಂದನಂತೆ. ಅವರು ಇಳಿದರು. ಸುತ್ತ ಬಯಲು, ನೆತ್ತಿಯ ಮೇಲೆ ಬಿಸಿಲು. ಕಂಡಕ್ಟರಿಗೇ ಪಾಪ ಅನ್ನಿಸಿ, "ಹೋಗ್ಲಿ ಬರ್ರಕ್ಕಾ" ಅಂದ. "ಒಂದ್ಸಲ ಇಳಿದ ಬಸ್ಸು ನಾನು ಹತ್ತಲ್ಲ" ಅಂದರು. ಮೆಕ್ಕೆಜೋಳದ ಟ್ರ್ಯಾಕ್ಟರೊಂದು ಸಿಗುವವರೆಗೆ ಮರಿಯನ್ನು ಎತ್ತಿಕೊಂಡು ನಡೆದರು. ಈ ಕತೆಯನ್ನು ಅವರು ಹೆಮ್ಮೆಯಿಂದ ಹೇಳುತ್ತಿರಲಿಲ್ಲ, ಕಂಡಕ್ಟರನ ಮೇಲೆ ಇನ್ನೂ ಆರದ ಸಿಟ್ಟಿನಿಂದ ಹೇಳುತ್ತಿದ್ದರು.

ಅವರು ಮದುವೆಯಾಗಿರಲಿಲ್ಲ. ಒಂಟಿ ಹೆಂಗಸು ಬೆಳಗಿನ ಜಾವ ಕಾಡುಗುಡ್ಡ ಸುತ್ತುವುದು ನಮ್ಮ ಕಡೆ ಇವತ್ತಿಗೂ ಸಣ್ಣ ಸಂಗತಿಯಲ್ಲ. ಕುರಿ ಕಾಯುವವರು, ಹೊಲಕ್ಕೆ ಹೊರಟವರು, ಹಾಲಿನ ಡೈರಿಯವರು, ಎಲ್ಲರದ್ದೂ ಒಂದೇ ಪ್ರಶ್ನೆ: "ಒಬ್ರೇ ಹೊಂಟೀರಾ ಮೇಡಂ?" ಇವರದ್ದೂ ಒಂದೇ ಉತ್ತರ: "ಕಣ್ಣು ಕಾಣಲ್ವಾ? ನಾವಿಬ್ರು." ನಾನು ಸೇರಿಕೊಂಡ ಮೇಲೂ ಅವರು ಮೂವರು ಅಂತ ಹೇಳಲಿಲ್ಲ. ನನ್ನನ್ನು ಕೈಬೀಸಿ ತೋರಿಸಿ, "ಅವ್ರು ಶುಗರ್‌ಗೆ ಬಂದಾರೆ" ಅನ್ನುತ್ತಿದ್ದರು.

ವಯಸ್ಸು ಏರಿದಂತೆ ಅವರ ಮಂಡಿ ಹಠ ಹಿಡಿಯಿತು. ಒಂದೊಂದಾಗಿ ಗುಡ್ಡಗಳನ್ನು ಬಿಡುತ್ತ ಬಂದರು. ಕೊನೆಗೆ ಉಳಿದದ್ದು ಒಂದೇ. ನ್ಯಾಮತಿ ದಾಟಿ ಸ್ವಲ್ಪ ದೂರ ಹೋದರೆ ಸಿಗುವ ಒಂದು ದುಂಡನೆಯ ಗುಡ್ಡ, ನೆತ್ತಿಯ ಮೇಲೆ ಮೈಲಾರಲಿಂಗನ ಸಣ್ಣ ಗುಡಿ. ಊರಿನ ಹೆಸರು ಬೇಡ. ಅಲ್ಲಿನ ಏರು ಮೆಲ್ಲಗೆ ಸುತ್ತಿಕೊಂಡು ಹೋಗುತ್ತದೆ, ಮಂಡಿಗೆ ನೋವಾಗದು. ಮೇಲೆ ನಿಂತರೆ ಒಂದು ಕಡೆ ತೋಟಗಳ ಕಪ್ಪು ಹಸಿರು, ಇನ್ನೊಂದು ಕಡೆ ಮೆಕ್ಕೆಜೋಳ ಕಿತ್ತ ಬಯಲು. ಈ ಗುಡ್ಡವೂ ಹೋದರೆ ತನಗೆ ಗುಡ್ಡವೇ ಇಲ್ಲ ಎಂಬುದು ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ಆ ಗುಡ್ಡಕ್ಕೆ ದಾವಣಗೆರೆಯಿಂದ ಟ್ರೆಕ್ಕಿಂಗ್ ಗುಂಪುಗಳು ಬರತೊಡಗಿದವು. ಒಂದೇ ಬಣ್ಣದ ಟೀ ಶರ್ಟು, ಬೆನ್ನಿಗೆ ಚೀಲ, ಕೈಯಲ್ಲಿ ಫೋನು. ಜನ ಬಂದರೆಂದು ಊರಲ್ಲಿ ಸಮಿತಿಯಾಯಿತು, ಸಮಿತಿಯಾಯಿತೆಂದು ಬುಡದಲ್ಲಿ ಕಮಾನು ಬಂತು, ಕಮಾನಿಗೊಂದು ಕಬ್ಬಿಣದ ಗೇಟು, ಗೇಟಿಗೊಬ್ಬ ವಾಚ್‌ಮನ್. ಕಳೆದ ವರ್ಷದ ಹಿಂದಿನ ವರ್ಷ, ಋತುವಿನ ಮೊದಲ ಭಾನುವಾರ ನಾವು ಹೋದಾಗ ಗೇಟಿಗೆ ತಂತಿಯಿಂದ ಬಿಗಿದ ಒಂದು ತಗಡಿನ ಬೋರ್ಡೂ ಇತ್ತು: 'ನಾಯಿಗಳಿಗೆ ಪ್ರವೇಶವಿಲ್ಲ. ಆಡಳಿತ ಸಮಿತಿ.' ನಮಗೆ ಗೊತ್ತಿದ್ದಂತೆ ಆ ಗುಡ್ಡ ಹತ್ತುತ್ತಿದ್ದ ನಾಯಿ ಒಂದೇ.

ಸಮಿತಿಯ ಅಧ್ಯಕ್ಷರು ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಡಿಕೆ ವ್ಯಾಪಾರದವರು, ಕೆಟ್ಟವರಲ್ಲ, ನಗುತ್ತಲೇ ಮಾತಾಡುವವರು.

"ಮೇಡಂ, ನಾಯಿ ಇಲ್ಲೇ ಕಟ್ಟಿ ಹೋಗಿ ಬರ್ರಿ. ವಾಚ್‌ಮನ್ ನೋಡ್ಕೊಂತಾನೆ."

"ನಿಮ್ಮನ್ನ ಇಲ್ಲಿ ಕಟ್ಟಿ, ನಿಮ್ಮ ಮನೆಯೋರು ಮ್ಯಾಲೆ ಹೋಗಿ ಕೈ ಮುಗಿದು ಬರ್ತಾರಾ?"

"ಹಂಗಲ್ರೀ ಮೇಡಂ. ದೇವಸ್ಥಾನ ಅಂದ್ಮ್ಯಾಲೆ ಮಡಿ ಮೈಲಿಗೆ ಅಂತ ಒಂದೈತೆ."

"ಇಷ್ಟು ವರ್ಷ ಇರ್ಲಿಲ್ಲ. ಕಮಾನು ಕಟ್ಟಿದ್ಮ್ಯಾಲೆ ಬಂತಾ?"

ಅಧ್ಯಕ್ಷರು ನಗುವುದನ್ನು ನಿಲ್ಲಿಸಿದರು. ನಾನು ನಡುವೆ ಬಾಯಿ ಹಾಕಿ, "ಹಿಂದ್ಗಡೆಯಿಂದ ಕುರಿದಾರಿ ಐತಲ್ಲ ಮೇಡಂ, ಹಂಗೆ ಹೋಗಾಣ" ಅಂದೆ. ಅವರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ.

"ಕಳ್ಳರಂಗೆ ಯಾಕೆ ಹೋಗಾಣ? ನಾನು ಹೋಗಾದಾದ್ರೆ ಈ ದಾರಿ."

ಹೇಳಿ, ಗೇಟಿನ ಮುಂದೆ ನೆಲದ ಮೇಲೆ ಕೂತುಬಿಟ್ಟರು. ನಾಯಿ ಅವರ ತೊಡೆಗೆ ಒರಗಿ ಕೂತಿತು. ಕೂಗಾಟ ಇಲ್ಲ, ಘೋಷಣೆ ಇಲ್ಲ. ಹೊತ್ತಾದ ಮೇಲೆ ಗಂಟು ಬಿಚ್ಚಿ ರೊಟ್ಟಿ ತಿಂದರು, ನಾಯಿಗೆ ಕೊಟ್ಟರು, ನನಗೆ ಕೊಟ್ಟರು, ವಾಚ್‌ಮನ್ನಿಗೂ ಕೊಟ್ಟರು. ಬಿಸಿಲೇರಿದ ಮೇಲೆ ಎದ್ದು ಬಂದರು. ಮುಂದಿನ ಭಾನುವಾರ ಮತ್ತೆ ಹೋಗಿ ಕೂತರು. ಅದರ ಮುಂದಿನ ಭಾನುವಾರವೂ. ಹಾದುಹೋಗುವ ಟ್ರೆಕ್ಕಿಂಗ್ ಗುಂಪಿನವರು ಫೋಟೋ ತೆಗೆಯಲು ಬಂದರೆ ಕಿವಿ ತೂತಾಗುವಂತೆ ಸೀಟಿ ಊದುತ್ತಿದ್ದರು. ನಾನು ಪಕ್ಕದಲ್ಲಿ ಟವೆಲ್ ಹಾಸಿಕೊಂಡು ಕೂತು, ಪರಿಚಯದವರು ಯಾರೂ ಬಾರದಿರಲಿ ಎಂದು ಅದೇ ಮೈಲಾರನನ್ನು ಬೇಡಿಕೊಳ್ಳುತ್ತಿದ್ದೆ.

ಒಂದು ದಿನ ಬೇಸರವಾಗಿ ಕೇಳಿಯೇಬಿಟ್ಟೆ. "ಒಂದು ನಾಯಿಗೋಸ್ಕರ ಇಷ್ಟ್ಯಾಕೆ ಮೇಡಂ? ಋತುನೇ ಮುಗಿದುಹೋಗ್ತೈತೆ. ಕಟ್ಟಿ ಹೋಗಿ ಬರಾಣ."

ನಾಯಿಯ ಕಿವಿಯಿಂದ ಒಂದು ಉಣ್ಣಿ ಹೆಕ್ಕಿ ಎಸೆದರು. ಆಮೇಲೆ ಹೇಳಿದರು, ದನಿ ಏರಿಸದೆ. "ಇವಳಿಲ್ದೆ ನಾನು ಒಬ್ಳೇ ಗುಡ್ಡ ಹತ್ತಾಕೆ ಆಗಲ್ಲ ಅಂತ ಅವ್ರಿಗೆ ಗೊತ್ತೈತೆ. ನಾಯಿ ಬ್ಯಾಡ ಅಂದ್ರೆ ನಾನು ಬ್ಯಾಡ ಅಂತ. ಅದೊಂದು. ಇನ್ನೊಂದು ಕೇಳ್ರಿ. ನಮ್ಮೂರಾಗೆ ನಮ್ಮವ್ವ ಗುಡಿ ಹೊರಗೆ ನಿಂತೇ ಕೈ ಮುಗಿದೋಳು. ಅಲ್ಲಿ ಬೋರ್ಡ್ ಗೀರ್ಡ್ ಇರ್ಲಿಲ್ಲ, ಎಲ್ಲಿ ನಿಲ್ಬೇಕು ಅಂತ ಎಲ್ರಿಗೂ ಗೊತ್ತಿತ್ತು. ನಾನು ನಿಲ್ಲಲ್ಲ. ನನ್ನ ಜತೆ ಬಂದೋರ್ನೂ ನಿಲ್ಸಲ್ಲ. ನಾಯಿ ಆಗ್ಲಿ, ನೀವಾಗ್ಲಿ."

ಇಷ್ಟು ವರ್ಷ ಜೊತೆಗೆ ಕೆಲಸ ಮಾಡಿದ್ದರೂ ಅವರ ತಾಯಿಯ ಬಗ್ಗೆ ನಾನು ಕೇಳಿದ್ದು ಅದೇ ಮೊದಲು. ಅವತ್ತಿನಿಂದ ನಾನು ಪರಿಚಯದವರು ಬಂದರೂ ಎದ್ದು ನಿಲ್ಲಲಿಲ್ಲ, ಕೂತಲ್ಲಿಂದಲೇ ನಮಸ್ಕಾರ ಹೇಳಿದೆ.

ಆ ಊರಲ್ಲಿ ಮಹಾನವಮಿ ಕಳೆದ ಮೇಲೆ ಒಂದು ಭಾನುವಾರ ಮೈಲಾರನಿಗೆ ದೋಣಿ ಸೇವೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮೈಲಾರನ ದೀಕ್ಷೆ ಹಿಡಿದ ಗೊರವಯ್ಯಗಳು ಕರಿ ಕಂಬಳಿ ತೊಟ್ಟು, ಡಮರುಗ ಬಾರಿಸುತ್ತ ಬರುತ್ತಾರೆ. ಹೆಂಗಸರು ತಂದ ಹಾಲು, ಬಾಳೆಹಣ್ಣು, ಬೆಲ್ಲವನ್ನು ದೋಣಿ ಎಂಬ ಮರದ ಪಾತ್ರೆಗೆ ಸುರಿಯುತ್ತಾರೆ. ಗೊರವಯ್ಯಗಳು ಮಂಡಿಯೂರಿ, ನಾಯಿಗಳ ಹಾಗೆ ಬೊಗಳುತ್ತ, ಒಬ್ಬರ ಮೇಲೊಬ್ಬರು ಗುರ್ರೆನ್ನುತ್ತ, ಕೈ ಮುಟ್ಟಿಸದೆ ಬಾಯಿ ಹಾಕಿ ತಿನ್ನುತ್ತಾರೆ. ಅವರು ತಿಂದರೆ ಮೈಲಾರ ಉಂಡಂತೆ. ಅದು ತಮಾಷೆಯಲ್ಲ, ಹರಕೆ ಹೊತ್ತವರು ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿರುತ್ತಾರೆ.

ಅವತ್ತೂ ಮೇಡಂ ಗೇಟಿನ ಮುಂದೆ ಕೂತಿದ್ದರು. ಕಮಾನಿಗೆ ಮಾವಿನ ತೋರಣ ಕಟ್ಟಿದ್ದರು, ಅಧ್ಯಕ್ಷರು ಹೊಸ ಶಲ್ಯ ಹೊದ್ದಿದ್ದರು. ಮೂವರು ಗೊರವಯ್ಯಗಳು ಬಂದರು, ಅವರ ಹಿಂದೆ ಚೆಂಬು ಹಿಡಿದ ಹೆಂಗಸರು. ಮುಂದಿದ್ದ ಮುದುಕ ಮೇಡಂ ಹತ್ತಿರ ಬಂದು ನಿಂತ.

"ಯಾಕವ್ವಾ ಇಲ್ಲೇ ಕುಂತಿ? ಮ್ಯಾಲೆ ಬರಲ್ವಾ?"

"ಬೋರ್ಡ್ ಹಾಕ್ಯಾರಪ್ಪ, ಬಿಡಲ್ಲಂತೆ."

"ನಂಗೆ ಓದಾಕೆ ಬರಲ್ಲ. ಏನೈತೆ ಅದ್ರಾಗೆ?"

ಮೇಡಂ ತಾವು ಓದಲಿಲ್ಲ. ಅಧ್ಯಕ್ಷರ ಕಡೆ ತಿರುಗಿ, "ಅವ್ರೇ ಬರ್ಸಿದ್ದು, ಅವ್ರೇ ಓದ್ಲಿ" ಅಂದರು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಓದಿದರು. ಇಷ್ಟು ದಿನ ಅವರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಓದುತ್ತ ಓದುತ್ತ ಅವರ ದನಿ ಇಳಿಯಿತು.

ಮುದುಕ ಹೆಗಲ ಮೇಲಿನ ದೋಣಿಯನ್ನು ಇಳಿಸಿ ಬೋರ್ಡಿನ ಕೆಳಗೆ, ಸಜ್ಜಿಯ ಪಕ್ಕದಲ್ಲಿ ಇಟ್ಟ. ತಾನೂ ಕೂತ. ಉಳಿದಿಬ್ಬರೂ ಕೂತರು.

"ಅಜ್ಜಾ, ಏಳು. ಇದು ನಿಮಗಲ್ಲ, ನಾಯಿಗೆ," ಅಂದರು ಅಧ್ಯಕ್ಷರು.

"ನಾನ್ಯಾರು ಮತ್ತೆ? ದೀಕ್ಷೆ ತಗಂಡ ದಿನದಿಂದ ಮೈಲಾರನ ನಾಯಿ ನಾನು. ನಮ್ಮಪ್ಪನೂ ನಾಯೀನೇ ಆಗಿದ್ದ. ಬರಬ್ಯಾಡ ಅಂತ ಬರ್ಸೀರಿ. ಬರಲ್ಲ ಬಿಡ್ರಿ."

"ಅಯ್ಯೋ, ಹಂಗೆಲ್ಲ ಅರ್ಥ ಅಲ್ಲ..."

"ಹೆಂಗೆಲ್ಲ ಅರ್ಥ ಅಂತ ಮೈಲಾರನ್ನ ಕೇಳಿ ಬರ್ಸಿದ್ರಾ?"

ಅಧ್ಯಕ್ಷರು ಬೆವರಿದರು. ಮೇಡಂ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಇವತ್ತೊಂದಿನ ನಿಮ್ಮ ನಾಯಿನೂ ಹೋಗ್ಲಿ ಮೇಡಂ, ನೀವೇ ಅಜ್ಜಂಗೆ ಹೇಳ್ರಿ" ಅಂದರು. ನಾನಾಗಿದ್ದರೆ ಕುಣಿದು ಒಪ್ಪುತ್ತಿದ್ದೆ. ಅವರು ತಲೆ ಅಲ್ಲಾಡಿಸಿದರು. "ಇವತ್ತೊಂದಿನ ಬ್ಯಾಡ. ನನ್ನ ನಾಯಿಗೆ ಅಂತನೂ ಬ್ಯಾಡ. ಬೋರ್ಡ್ ಬಿಚ್ರಿ."

ಬಿಸಿಲು ಏರುತ್ತಿತ್ತು. ಕೊನೆಗೆ ಹೆಂಗಸರ ಗುಂಪಿನಲ್ಲಿದ್ದ ಒಬ್ಬಾಕೆ ಚೆಂಬಿನೊಳಗೆ ಇಣುಕಿ ನೋಡಿ ರೇಗಿದಳು: "ಕಿತ್ತು ಒಗೀರಪ್ಪಾ ಆ ತಗಡು! ಹಾಲು ಒಡೆದು ಹೋಗ್ತೈತೆ ಇಲ್ಲಿ!"

ವಾಚ್‌ಮನ್ ಯಾರನ್ನೂ ಕೇಳದೆ ತಂತಿ ಬಿಚ್ಚಿದ. 'ಏಳುಕೋಟಿ ಏಳುಕೋಟಿ' ಎಂದು ಮೈಲಾರನ ಜೈಕಾರ ಕೂಗಿಕೊಂಡು ಎಲ್ಲರೂ ಹತ್ತಿದೆವು. ಮೇಲೆ ಗೊರವಯ್ಯಗಳು ಬೊಗಳತೊಡಗಿದ್ದೇ ತಡ, ನಮ್ಮ ವೀರನಾಯಿ ಬಾಲ ಮುದುಡಿಕೊಂಡು ಮೇಡಂ ಕಾಲಸಂದಿಗೆ ನುಗ್ಗಿತು. ಸೇವೆ ಮುಗಿದ ಮೇಲೆ ಮುದುಕ ಕರೆದು ಪ್ರಸಾದದ ಬಾಳೆಹಣ್ಣು ಹಾಕಿದ. ಮನೆಯಲ್ಲಿ ಹಣ್ಣು ಮೂಸಿಯೂ ನೋಡದ ಪ್ರಾಣಿ ಅವತ್ತು ಸಿಪ್ಪೆ ಸಮೇತ ತಿಂದಿತು. ಇಳಿಯುವಾಗ ನಾನು ಖುಷಿಯಲ್ಲಿ, "ಗೆದ್ರಿ ಮೇಡಂ" ಅಂದೆ. "ಎಂಥ ಗೆದ್ದಿದ್ದು? ಅರ್ಧ ಋತು ಗೇಟಿನ ಮುಂದೆ ಹೋಯ್ತು. ಅದನ್ನ ವಾಪಸ್ ಕೊಡ್ತಾನಾ ಅವ್ನು?" ಅಂದರು. ಅವರಿಗೆ ಸಮಾಧಾನ ಅನ್ನುವುದೇ ಇರಲಿಲ್ಲ. ಅದಕ್ಕೇ ಅವರನ್ನು ಶಾಂತ ಸ್ವಭಾವದವರು ಅಂದರೆ ನನಗೆ ಉರಿಯುತ್ತದೆ.

ಅದಾದ ಮೇಲೆ ಅವರಿಗೆ ಸಿಕ್ಕಿದ್ದು ಒಂದೇ ಪೂರ್ತಿ ಋತು. ಈ ಮಳೆಗಾಲದಲ್ಲಿ ಹೊಟ್ಟೆಯ ಕಾಯಿಲೆ ಕಾಣಿಸಿಕೊಂಡಿತು, ಬೇಗ ಮುಗಿಯಿತು. ಆಸ್ಪತ್ರೆಯಲ್ಲಿ ನೋಡಲು ಹೋದಾಗ ನನ್ನ ಕ್ಷೇಮ ಕೇಳಲಿಲ್ಲ, ತಮ್ಮದನ್ನೂ ಹೇಳಲಿಲ್ಲ. "ಸಜ್ಜಿಗೆ ಉಣ್ಣಿ ನೋಡ್ರಿ, ಕಿವಿ ಒಳಗೆ" ಅಂದರು, ಅಷ್ಟೆ. ನಾಯಿ ನಮ್ಮ ಮನೆಗೆ ಬಂತು. ಪಡಸಾಲೆ ದಾಟಕೂಡದು ಅಂತ ನನ್ನ ಹೆಂಡತಿ ಮೊದಲ ದಿನ ಕಾನೂನು ಮಾಡಿದಳು. ವಾರದೊಳಗೆ ಅದು ಅಡುಗೆಮನೆಯ ಬಾಗಿಲಲ್ಲಿ ಮಲಗಿ, ಅವಳು ಒಗ್ಗರಣೆ ಹಾಕುವುದನ್ನು ನೋಡುತ್ತಿತ್ತು. ಅವರಿಲ್ಲದ ಭಾನುವಾರಗಳು ನನಗೆ ತುಂಬ ಕಷ್ಟವಾದವು. ಇದನ್ನು ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ.

ಮಳೆ ಹಿಂದೆ ಸರಿಯಿತು. ರಸ್ತೆಯ ಮೇಲೆ ಮೆಕ್ಕೆಜೋಳ ಬಂತು. ಮೊನ್ನೆ ಭಾನುವಾರ ಮೊಪೆಡ್ಡಿನ ಮುಂದೆ ನಾಯಿಯನ್ನು ಹೇಗೋ ಕೂರಿಸಿಕೊಂಡು ಆ ಗುಡ್ಡಕ್ಕೆ ಹೋದೆ. ಕಮಾನಿನ ಪಕ್ಕದಲ್ಲಿ ಹೊಸ ಬೋರ್ಡು. ಈ ಸಲ ತಗಡಲ್ಲ, ಕಪ್ಪು ಗ್ರಾನೈಟಿನಲ್ಲಿ ಕೊರೆದು, ಅಕ್ಷರಕ್ಕೆ ಬಂಗಾರದ ಬಣ್ಣ ತುಂಬಿದ್ದಾರೆ. ಬುದ್ಧಿವಂತರು. 'ಸಾಕುನಾಯಿಗಳಿಗೆ ಪ್ರವೇಶವಿಲ್ಲ' ಎಂದು ಬರೆಸಿದ್ದಾರೆ, ಗೊರವಯ್ಯಗಳು ಕೂರದಿರಲಿ ಅಂತ. ಗೇಟು ಹಾಕಿತ್ತು. ವಾಚ್‌ಮನ್ ನನ್ನನ್ನು ನೋಡಿ ತಲೆ ತಗ್ಗಿಸಿದ. ಕುರ್ಚಿಯಿಂದ ಎದ್ದು ಬಂದವರು ಅಧ್ಯಕ್ಷರೇ.

"ಬರ್ರಿ ಸಾರ್, ಬರ್ರಿ. ಮೇಡಂ ವಿಷಯ ಕೇಳಿ ಭಾಳ ಬ್ಯಾಸರ ಆತು. ದೊಡ್ಡೋರು. ನಾಯಿ ಇಲ್ಲಿ ಕಟ್ಟಿ ಹೋಗ್ರಿ."

ನಾನು ಬೋರ್ಡನ್ನು ಓದಿದೆ. ಅಕ್ಷರಗಳು ನೇರವಾಗಿದ್ದವು, ಕಾಗುಣಿತ ಸರಿಯಿತ್ತು, ಕೆಳಗೆ ಸಮಿತಿಯ ಹೆಸರಿತ್ತು. ಇಂಥವನ್ನು ಬರೆದು, ಅಂಟಿಸಿ, ಪಾಲಿಸಿಯೇ ನನ್ನ ತಲೆಗೂದಲು ನೆರೆತದ್ದು.

"ಕಟ್ಟಲ್ರೀ," ಅಂದೆ.

ಅವರಿಗೆ ಆಶ್ಚರ್ಯವಾಯಿತು. "ನಿಮಗ್ಯಾಕ್ ಸಾರ್ ಈ ಹಠ? ಮೇಡಂ ಇದ್ರು, ಮಾಡಿದ್ರು. ಈಗ ಮೇಡಂ ಹೋದ್ರು."

"ಮೇಡಂ ಹೋದ್ರು. ಗುಡ್ಡ ಎಲ್ಲಿ ಹೋಗೈತೆ?"

"ನಾಯಿ ಬಿಡಲ್ಲ ಸಾರ್ ನಾವು. ಸಮಿತಿ ತೀರ್ಮಾನ."

"ನೀವು ಬಿಡಬ್ಯಾಡ್ರಿ. ನಾವು ಹೋಗ್ತೀವಿ."

ಹೇಳಿ, ಚಿಲಕ ತೆಗೆದೆ. ವಾಚ್‌ಮನ್ ತಡೆಯಲು ಬಂದವನಂತೆ ಒಂದು ಹೆಜ್ಜೆ ಮುಂದೆ ಬಂದು, ಗೇಟನ್ನು ಇನ್ನಷ್ಟು ಅಗಲವಾಗಿ ಹಿಡಿದ. ನಾಯಿ ಒಳಗೆ ಓಡಿತು. ಹಿಂದಿನಿಂದ ಅಧ್ಯಕ್ಷರು ಪೊಲೀಸು, ಪಂಚಾಯ್ತಿ ಅಂತ ಏನೇನೋ ಕೂಗುತ್ತಿದ್ದರು. ನಾನು ತಿರುಗಿ ನೋಡಲಿಲ್ಲ. ಮೇಲೆ ಹೋಗಿ, ಮೊದಲ ರೊಟ್ಟಿಯನ್ನು ಸೀನಿಯರಿಗೆ ಕೊಟ್ಟು, ಎರಡನೆಯದನ್ನು ನಾನು ತಿಂದೆ.

ಮುಂದಿನ ಭಾನುವಾರವೂ ಹೋಗುತ್ತೇವೆ. ತಡೆಯಬೇಕು ಅನ್ನುವವರು ನಮಗಿಂತ ಬೇಗ ಏಳಬೇಕು.